ಮೆಲುದನಿಯ ಆಲ್ಬಮ್

ಅಮ್ಮನಿಗೆ ನಮಸ್ಕಾರ.

ನಮ್ಮ ತಂಡದ ಹೊಸ ಆಲ್ಬಮ್ ಕೇಳಿ, ಅಣ್ಣ ಈಗ ಎಷ್ಟು ಮೆತ್ತಗೆ ಹಾಡುತ್ತಾನೆ ಎಂದು ಖುಷಿಪಟ್ಟೆಯಲ್ಲ, ಅದು ಅವನು ಬಯಸಿ ಮಾಡಿದ್ದಲ್ಲ. ಅವನ ಗಂಟಲಲ್ಲಿ ಗಂಟಾಗಿದೆ. ಜೋರಾಗಿ ಹಾಡಿದರೆ ದನಿಯೇ ಹೋಗಬಹುದು ಎಂದಿದ್ದಾರೆ ಡಾಕ್ಟರು. ಇದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ.

ಆಲ್ಬಮ್ ಯಾರೂ ಕೊಳ್ಳುತ್ತಿಲ್ಲ. ಮೊನ್ನೆ ಕಂಪನಿಯ ಯಜಮಾನರು ರಿಹರ್ಸಲ್ ಕೋಣೆಗೇ ಬಂದು, “ನಿದ್ದೆ ಮಾಡೋಕೆ ಯಾರಾದ್ರೂ ಟಿಕೆಟ್ ತಗೊಳ್ತಾರೇನಪ್ಪಾ? ಶನಿವಾರದ ಶೋನಲ್ಲಿ ಹಳೇ ಹಾಡುಗಳನ್ನೇ ಹಾಡಿ. ಕಿವಿ ಗುಂಯ್ ಅನ್ಬೇಕು” ಎಂದರು. ಅಣ್ಣ ನಗುತ್ತಾ ಒಪ್ಪಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲು ತುಳಿದ.

ಅಂದಿನಿಂದ ದನಿ ಉಳಿಸಿಕೊಳ್ಳಲು ಮಾತು ಬಿಟ್ಟಿದ್ದಾನೆ. ಉಪ್ಪು ಬೇಕಿದ್ದರೂ ಕೈಸನ್ನೆ. ಕೆಮ್ಮು ನನಗೆ ಕೇಳಿಸಬಾರದೆಂದು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಡುತ್ತಾನೆ.

ನೀನು ಶುಕ್ರವಾರವೇ ಬಾ. ನಿನ್ನ ಮಾತನ್ನಾದರೂ ಕೇಳಿಯಾನು. ನಾನು ಬರೆದೆನೆಂದು ಹೇಳಬೇಡ, ಸುಮ್ಮನೆ ನೋಡಲು ಬಂದೆ ಅನ್ನು.

ನಿನ್ನೆ ಸಂಜೆ ಮಾತ್ರ ಬಾಯಿ ಬಿಟ್ಟ. ಅವನ ಹಿಂದೆ ನಿಂತು ದನಿಗೂಡಿಸುವ ನನಗೆ, ಅವನೊಬ್ಬನೇ ಹಾಡುವ ಸಾಲುಗಳನ್ನೆಲ್ಲ ಪಿಸುದನಿಯಲ್ಲಿ ಹೇಳಿಕೊಟ್ಟ.

“ನಂಗ್ಯಾಕಣ್ಣ ಇದೆಲ್ಲ?” ಎಂದೆ.

“ಕಲ್ತ್ಕೊಂಡಿರು, ಪುಟ್ಟಿ” ಎಂದ.

ನಿನ್ನ ದಾರಿ ಕಾಯುತ್ತಿರುವ,
ಪುಟ್ಟಿ