ನನ್ನ ಮಗ್ಗದ ಮಂಗಳಾರತಿ

೫ ಅಕ್ಟೋಬರ್ ೧೯೭೩, ಶುಕ್ರವಾರ

ದೊಡ್ಡಬಳ್ಳಾಪುರದ ಸಮಸ್ತ ಮಗ್ಗಗಳಿಗೂ ಇಂದು ಆಯುಧಪೂಜೆ. ನನ್ನ ಮಗ್ಗದ ಪುರೋಹಿತರು ಶ್ರೀಮಾನ್ ಜೀವರತ್ನ, ಅಂದರೆ ನಾನೇ, ಭಾನುವಾರ ಚರ್ಚಿನಲ್ಲಿ ಕೀರ್ತನೆ ಹಾಡುವವನು.

ಅವರವರ ಮಗ್ಗಕ್ಕೆ ಅವರವರೇ ಆರತಿ ಎತ್ತುವುದು ನಮ್ಮ ಷೆಡ್ಡಿನ ಪದ್ಧತಿ. ಯಜಮಾನರಾದ ಅಪ್ಪಯ್ಯಣ್ಣ ಮರ್ಯಾದೆಯಿಂದಲೇ, "ನೀನ್ ಬೇಡ ಬಿಡಪ್ಪ, ನಿಮ್ ದೇವ್ರು ಒಪ್ಪಲ್ಲ. ಪಾಪಯ್ಯ ಎತ್ಲಿ" ಎಂದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಮಾಷೆಗೆ ಮಾಡಿದರೆ ಪೂಜೆಯಾಗುವುದಿಲ್ಲ ಎಂಬುದು ನನ್ನ ವೇದಾಂತ. ಟವೆಲನ್ನು ಶಲ್ಯದಂತೆ ಹೊದ್ದು, ಮೂಗಿನಲ್ಲೇ ಮಂತ್ರ ಗುನುಗುತ್ತಾ ತಟ್ಟೆ ಎತ್ತಿದೆ. ಪಕ್ಕದ ಮಗ್ಗದ ಪಾಪಯ್ಯ, "ಲೇ, ದಕ್ಷಿಣೆ ಕೇಳ್ಬೇಡ ಕಣೋ!" ಎಂದು ಬಿದ್ದು ಬಿದ್ದು ನಕ್ಕ.

ಕರ್ಪೂರ ಹತ್ತಿಕೊಂಡಿತು. ಈ ವರ್ಷ ನೂಲು ಕಡಿಯದಿರಲಿ, ಕೆಲಸ ಉಳಿಯಲಿ ತಾಯೀ ಎಂದು ಒಳಗೆ ಬೇಡಿಕೊಂಡುಬಿಟ್ಟೆ. ಆರತಿಯನ್ನು ಕಣ್ಣಿಗೆ ಒತ್ತಿಕೊಂಡೆ. ಅದು ತಮಾಷೆಯಾಗಿರಲಿಲ್ಲ.

ಮನೆಗೆ ಬಂದು ಹೇಳಿಯೇಬಿಟ್ಟೆ. "ಅಮ್ಮಾ, ಇವತ್ತು ಮಗ್ಗಕ್ಕೆ ಕೈ ಮುಗಿದ್ಬಿಟ್ಟೆ. ಮನಸಾರೆ."

ಅಮ್ಮ ನಕ್ಕಳು. "ಹೋಗೋ, ನಿನ್ನಾಟ ನಂಗೆ ಗೊತ್ತಿಲ್ವಾ? ಊಟ ಮಾಡು."

ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕಳು.

ನಾಡಿದ್ದು ಭಾನುವಾರ, ಚರ್ಚಿನಲ್ಲಿ ಪ್ರಭುಭೋಜನ. ಪಾದ್ರಿ ಅಯ್ಯನವರು ರೊಟ್ಟಿ ಕೊಡುವಾಗ, ಆರತಿ ಎತ್ತಿದ ಇದೇ ಕೈ ಚಾಚಬೇಕು. ಚಾಚದೆ ಹಿಂದೆ ಕೂತರೆ ಅದೂ ನನ್ನದೊಂದು ಕುಚೇಷ್ಟೆ ಎಂದೇ ಸಭೆಯೆಲ್ಲ ತಿಳಿಯುತ್ತದೆ. ಕರ್ತನೇ, ಮೊಣಕಾಲೂರಿದರೂ ನನ್ನ ಮುಖ ತಾನಾಗಿಯೇ ಗಂಭೀರ ವೇಷ ಹಾಕುತ್ತಿದೆ. ಅದನ್ನು ಹೇಗೆ ಕಳಚುವುದೋ ತಿಳಿಯದು. ನೀನೊಬ್ಬನಾದರೂ ನಗಬೇಡ. ನಾನು ನಿಜವಾಗಿಯೂ—