ಶೋಕಿಲಾಲನಿಗೆ ಆಯೇರಿ

ಕುಪ್ಪೇಲೂರು,
ಮಂಗಳವಾರ, ೧೨ ಮಾರ್ಚ್ ೨೦೨೪

ಪ್ರೀತಿಯ ತಮ್ಮಾ ಮೈಲೇಶ,

ಮಡಗಾಂವದ ಉಪ್ಪುಗಾಳಿಗೆ ನಿನ್ನ ಕೆಮ್ಮು ಹೇಗಿದೆ? ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಬಾತಿದ್ದರೆ ಬಿಸಿನೀರಲ್ಲಿ ಇಡು. ಊರು ಬಿಟ್ಟ ಮೇಲೆ ನೀನು ಯಾರ ಫೋನನ್ನೂ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ, ಒಬ್ಬನ ಹೊರತು. ಪರದೆ ಎತ್ತಿದ್ದೇನೆ, ಕೇಳು.

ಅಂದು ಬ್ಯಾಡಗಿಯಲ್ಲಿ, ಸೋದರಮಾವ ಪರಮೇಶಪ್ಪನ ಪಡಸಾಲೆಯಲ್ಲಿ ಅವನ ಮಗಳು ರೋಹಿಣಿಯನ್ನು ನಿನಗೆ ಕೇಳಲು ಕುಳಿತಾಗ, ನಿನ್ನ ಬಣ್ಣದ ಕೂದಲು, ಹರಿದ ಮೊಣಕಾಲಿನ ಪ್ಯಾಂಟು ನೋಡಿ ಆತ, "ಶೋಕಿಲಾಲಗ ನಾ ಮಗಳನ್ನ ಕೊಡೂದಿಲ್ಲ, ಎದ್ದು ನಡೀರಿ" ಅಂದ. ಊರಿಗೆ ಬಂದ ಹೊಸದೆಲ್ಲ ಮೊದಲು ತನ್ನ ಮೈಮೇಲೇ ಬರಬೇಕೆನ್ನುವವನು ಶೋಕಿಲಾಲ, ಅಷ್ಟೇ. ಗೆಳೆಯರು ಹಾಗೆಂದರೆ ಹೆಗಲ ಮೇಲೆ ಕೈ ಹಾಕಿದಂತೆ. ಮಾವನ ಬಾಯಲ್ಲಿ ಅದು ದುಡಿಯಲಾರದವನು, ಹೆಂಡತಿಯನ್ನು ಬಾಳಿಸಲಾರದವನು ಎಂಬ ತೀರ್ಪಾಯಿತು. ಅವ್ವ ಬಾಯಿಗೆ ಸೆರಗೊತ್ತಿ ಹೊರಬಂದದ್ದನ್ನು ನಾನು ಮರೆಯಲಿಲ್ಲ.

ಮೊನ್ನೆ ನಮ್ಮೂರಲ್ಲಿ ನಾಟಕ. ಮಾವನಿಗೆ ರಾಜಪಾತ್ರದ ಹುಚ್ಚು. ನಾಟಕದ ಮಾಸ್ತರನಾದ ನಾನೇ ಕರೆದು ಕಿರೀಟ ಕೊಟ್ಟೆ. ಎರಡನೇ ಅಂಕದಲ್ಲಿ ಆತ ಖಡ್ಗ ಹಿರಿದು ಗರ್ಜಿಸುವಾಗಲೇ ಆಯೇರಿಗೆಂದು ಆಟ ನಿಲ್ಲಿಸಿದೆ. ನಿನಗೆ ಗೊತ್ತಲ್ಲ, ಬಂಧುಗಳು ರಂಗವೇರಿ ತೊಡಿಸಿದ ಉಡುಗೊರೆಯನ್ನು ನಟ ಕೈಮುಗಿದು ಹೊರಬೇಕು, ಅಂಕ ಮುಗಿಯುವವರೆಗೆ ತೆಗೆಯುವಂತಿಲ್ಲ. ನಾನು ಅವನ ಕಣ್ಣಿಗೆ ಮಿಂಚುವ ನೀಲಿ ಕನ್ನಡಕ ಏರಿಸಿದೆ, ನೀನು ಬಿಟ್ಟುಹೋದ ಆ ಹರಿದ ಪ್ಯಾಂಟನ್ನೇ ಶಾಲಿನಂತೆ ಹೊದಿಸಿದೆ. ಮೈಕು ಹಿಡಿದು, "ಮೈಲೇಶನ ಕಡಿಂದ, ಬ್ಯಾಡಗಿ ಶೋಕಿಲಾಲ ಪರಮೇಶಪ್ಪನವರಿಗೆ ಪ್ರೀತಿಯ ಆಯೇರಿ" ಎಂದೆ. ಮಿರ್ಚಿ ಮಾರುವ ಕುಲ್ಸುಮಬಿ ಮುಂದಿನ ಸಾಲಿನಿಂದಲೇ ಕೂಗಿದಳು, "ಏ ರಾಜಾ, ಶಾಲು ಮೊಣಕಾಲಿಗೆ ಹರದೈತಿ, ಹೊಲದು ಕೊಡ್ಲೇನು?" ಜನ ಬಿದ್ದು ಬಿದ್ದು ನಕ್ಕಿತು. ಹಾರ್ಮೋನಿಯಂ ಮತ್ತೆ ಮತ್ತೆ ಸ್ವರ ಕೊಟ್ಟಿತು, ರಾಜನಿಗೆ ಮಾತೇ ಮರೆತಿತ್ತು. ತಮ್ಮಾ, ಆ ಮೌನ ನನಗೆ ಹೋಳಿಗೆ ಊಟ. ಈಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರೂ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಾರೆ.

ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ ಅಣ್ಣ,
ಫಕ್ಕೀರೇಶ

ತಾ.ಕ.: ಬುಡನಸಾಬನ ಗೋವಾ ಲಾರಿ ಹೊರಟು ನಿಂತಿದೆ, ಚುಟುಕಾಗಿ ಬರೆಯುತ್ತೇನೆ. ಮಾವ ಸಿಟ್ಟಿನ ಭರದಲ್ಲಿ ಹಾವೇರಿಯ ಸಂಬಂಧ ಒಪ್ಪಿ, ಬರುವ ಸೋಮವಾರವೇ ನಿಶ್ಚಯ ಇಟ್ಟಿದ್ದಾನೆ. ಮುಂಜಾನೆ ರೋಹಿಣಿ ಒಬ್ಬಳೇ ಬಂದಿದ್ದಳು. "ಭಾವಾ, ಸೇಡು ತೀರಿಸ್ಕೊಂಡ್ರಿ, ಛಲೋ ಆತು. ಅಂವಗ ನಾ ಬೇಕೋ, ನಮ್ಮಪ್ಪ ಸೋಲೂದು ಬೇಕೋ, ಅಷ್ಟು ಕೇಳಿ ಹೇಳ್ರಿ" ಅಂದಳು. ಸೋಮವಾರದೊಳಗೆ ನೀನೇ ಬಂದು ಅವಳಿಗೆ ಹೇಳು.