ಗುಡಿಸದ ಹಿಮ

ಜನವರಿ 17

ಮೈನಸ್ ನಲವತ್ತೆಂಟು. ಒಳ್ಳೆಯ ದಿನ. ಗುಡಿಸಲಿನ ಒಲೆ ಹಚ್ಚಿ, ಬೆಣ್ಣೆ ಸವರಿದ ರೊಟ್ಟಿಯ ಮೊದಲ ಚೂರು ಬೆಂಕಿಗೆ ಕೊಟ್ಟೆ. ಆಮೇಲೆ ಚಹಾ. ಗಂಡಸರು ಮೈ ಕಾಯಿಸಲು ಬಂದರು — ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಇಂಥ ಚಳಿ ಎಂದರೆ ಇವರಿಗೆ ಹಬ್ಬ. ಬಂದರಿನ ಮಂಜುಗಡ್ಡೆಯಲ್ಲಿ ಸಿಕ್ಕಿ ನಿಂತ ಹಡಗಿನ ರಿಪೇರಿಗೆ ಹಿಂಬದಿಯಲ್ಲಿ ತೋಡುವ ಗುಂಡಿ ಆಳವಾಗುತ್ತಿದೆ. ಪ್ರೊಪೆಲ್ಲರಿನ ಒಂದು ಎಸಳು ಕಾಣುತ್ತಿದೆಯಂತೆ.

"ಕೆಲ್ಸ ಮಾಡೋದು ಚಳಿ ಕಣೇ ಅಕುಲಿನಾ," ಎಂದ ನನ್ನ ಗವ್ರೀಲ್. "ನಾವು ಒಂದು ಪದರ ಕಡಿದು, ಗೇಣು ಮಂಜುಗಡ್ಡೆ ಬಿಟ್ಟು ಮೇಲೆ ಬರ್ತೀವಿ. ಕೆಳಗಿನ ನೀರು ಹೆಪ್ಪುಗಟ್ಟಿಸೋದು ಅದು. ನಾವು ಬರೀ ಕಸ ಎತ್ತೋರು."

ಅವನ ಜೊತೆ ಗುಂಡಿಗೆ ಇಳಿಯುವ ಅಫನಾಸಿ ನಾಲ್ಕನೇ ಲೋಟಕ್ಕೆ ಕೈ ಚಾಚಿದ.

"ಸಾಕು ಕಣೋ. ಹೊಟ್ಟೆ ತುಂಬ ಬಿಸಿನೀರು ಹೊತ್ಕೊಂಡು ಇಳಿದ್ರೆ ಗಡ್ಡೆ ಕರಗುತ್ತೆ."

"ನಿನ್ನ ಮಾತಿನ ಕಾವಿಗೇ ಅರ್ಧ ಕರಗಿದೆಯಣ್ಣ. ಹಾಕಿ ಅತ್ತಿಗೆ."

ಹಾಕಿದೆ.

ಜನವರಿ 26, ಶುಕ್ರವಾರ

ಮೈನಸ್ ಇಪ್ಪತ್ತಮೂರು. ಸೆಖೆ. ಸಂಜೆಯಿಂದ ಹಿಮ ಸುರಿಯುತ್ತಿದೆ. ಗವ್ರೀಲ್ ಮುಖ ಸಿಂಡರಿಸಿಕೊಂಡು ಕೂತಿದ್ದಾನೆ. ಸಾರು ಕೂಡ ಅರ್ಧ ಬಿಟ್ಟ.

"ಹಿಮ ಕಂಬಳಿ ಇದ್ದ ಹಾಗೆ. ಹೊದ್ದು ಮಲಗಿದ್ರೆ ನೀರಿಗೆ ಚಳಿ ಎಲ್ಲಿ ತಾಗುತ್ತೆ? ಬಿದ್ದ ಹಾಗೇ ಗುಡಿಸ್ಬೇಕು."

ಗುಡಿಸುವ ಹೆಂಗಸರಿದ್ದಾರಲ್ಲ ಎಂದೆ. ಮೇಲಧಿಕಾರಿ ವದೀಮ್ ಲ್ವೋವಿಚ್‌ಗೆ ಈಗ ಎರಡನೇ ಹಡಗಿನ ಜ್ವರ. ಯಾರನ್ನು ಎಲ್ಲಿಗೆ ಓಡಿಸುತ್ತಾನೋ ಅವನಿಗೇ ಗೊತ್ತಿಲ್ಲ.

ಜನವರಿ 29, ಸೋಮವಾರ. ಆಸ್ಪತ್ರೆ

ಬರೆದಿಡಬೇಕು. ಇಲ್ಲವಾದರೆ ನಾಳೆ ಯಾರಾದರೂ ಹಾಗಾಗಲಿಲ್ಲ ಎಂದರೆ ನಾನೇ ನಂಬಿಬಿಟ್ಟೇನು.

ಬೆಳಿಗ್ಗೆ ಕೆಲಸದ ಹೊತ್ತು. ಗುಡಿಸಲಲ್ಲಿ ನಾನು, ಗವ್ರೀಲ್, ಅಫನಾಸಿ. ವದೀಮ್ ಲ್ವೋವಿಚ್ ಬಾಗಿಲಲ್ಲೇ ನಿಂತಿದ್ದ.

"ತಳ ಗುಡಿಸಿರೋದು ನೋಡ್ದೆ. ಯಾವಾಗ ಗುಡಿಸಿದ್ದು?" — ಗವ್ರೀಲ್.

"ಶನಿವಾರವೇ."

"ಶನಿವಾರವೇ ತಾನೇ?"

"ಹೇಳಿದ್ನಲ್ಲಪ್ಪ. ಎರಡು ರಾತ್ರಿ ಚಳಿ ಕುಡಿದಿದೆ. ಇಳೀರಿ."

ಇಳಿದರು. ನಾನು ಲೋಟ ತೊಳೆಯುತ್ತಿದ್ದೆ. ಕೂಗು ಕೇಳಿಸಿತು.

ಗವ್ರೀಲನ ಹಾರೆಗೆ ತಳ ಒಡೆದು ನೀರು ನುಗ್ಗಿದೆ. ಅವನ ಉಣ್ಣೆ ಬೂಟು ಪ್ರೊಪೆಲ್ಲರಿನ ಸಂದಿಗೆ ಸಿಕ್ಕಿದೆ. ಅಫನಾಸಿ ಹತ್ತಿ ಬಂದವನು ಮತ್ತೆ ನೀರಿಗೆ ಹಾರಿ ಎಳೆದ. ಮೇಲೆ ತರುವಾಗ ಗವ್ರೀಲ್ ಎದೆಯವರೆಗೂ ನೆನೆದಿದ್ದ. ಬಟ್ಟೆ ಮರಗಟ್ಟಿತ್ತು, ಕತ್ತರಿಸಿ ತೆಗೆದೆವು. ಅವನು ನನ್ನನ್ನು ನೋಡುತ್ತಿದ್ದ, ಗುರುತು ಸಿಕ್ಕಂತಿರಲಿಲ್ಲ.

ಜನವರಿ 31

ಗುಡಿಸುವ ಹೆಂಗಸರು ಬಂದಿದ್ದರು. ಅತ್ತರು. ಶನಿವಾರ, ಭಾನುವಾರ ಎರಡು ದಿನವೂ ವದೀಮ್ ಲ್ವೋವಿಚ್ ಅವರನ್ನು ಎರಡನೇ ಹಡಗಿಗೆ ಕಳಿಸಿದ್ದನಂತೆ. ಈ ಗುಂಡಿ ಗುಡಿಸಿದ್ದು ಸೋಮವಾರ ಬೆಳಗಾಗುವ ಮೊದಲು, ಅವಸರದಲ್ಲಿ. ಅಂದರೆ ಅಷ್ಟು ಹೊತ್ತೂ ಕಂಬಳಿ ಹೊದ್ದೇ ಇತ್ತು. ಗಡ್ಡೆ ಬೆಳೆದೇ ಇರಲಿಲ್ಲ.

ಫೆಬ್ರವರಿ 2

ಉಸಿರಾಟ ಕಷ್ಟ. ನಡುನಡುವೆ ಎಚ್ಚರ.

"ನಾನು ಕೇಳಿದ್ದೆ ಅಲ್ವೇನೇ?"

"ಕೇಳಿದ್ದೆ. ನೀನು ಎರಡು ಸಲ ಕೇಳಿದ್ದೆ."

"ಗವ್ರೀಲ್ ಕೇಳ್ದೇ ಕಡಿದ ಅಂತ ಅನ್ನಿಸ್ಕೊಂಡು ಹೋಗೋಕೆ ಇಷ್ಟ ಇಲ್ಲ. ಬೇರೆ ಏನು ಬೇಕಾದ್ರೂ ಅನ್ಲಿ."

ಎಲ್ಲಿಗೂ ಹೋಗಲ್ಲ ನೀನು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ.

ಫೆಬ್ರವರಿ 3

ಗವ್ರೀಲ್ ಹೋದ.

ಫೆಬ್ರವರಿ 7

ಮಣ್ಣಾಯಿತು. ನೆಲಕ್ಕೆ ಬೆಂಕಿ ಹಾಕಿ, ಕರಗಿದಷ್ಟು ತೋಡಿ, ಮತ್ತೆ ಬೆಂಕಿ. ತೋಡಿದ್ದು ಅಫನಾಸಿಯೇ. ಕೈಗೆ ಇನ್ನೂ ಬ್ಯಾಂಡೇಜು. ಬೇರೆ ಯಾರಿಗೂ ಗುದ್ದಲಿ ಕೊಡಲಿಲ್ಲ.

ಫೆಬ್ರವರಿ 15

ವಿಚಾರಣೆ ಮುಗಿಯಿತು. ವದೀಮ್ ಲ್ವೋವಿಚ್ ಕೈ ತೊಳೆದುಕೊಂಡ. "ಇವತ್ತು ಬೆಳಿಗ್ಗೆ ಗುಡಿಸಿದ್ದು, ಇನ್ನೆರಡು ದಿನ ಇಳಿಯಬೇಡ ಅಂತ ನಾನೇ ಹೇಳಿದ್ದೆ. ಅವನಿಗೆ ತನ್ನ ಕೈ ಮೇಲೆ ಅತಿ ನಂಬಿಕೆ." ಸತ್ತವನ ಬಾಯಿಗೆ ಮಾತಿಲ್ಲವಲ್ಲ.

ನಾನು ಕೇಳಿದ್ದನ್ನು ಹೇಳಿದೆ. ಹೆಂಡತಿ ಬೇರೇನು ಹೇಳುತ್ತಾಳೆ ಎನ್ನುವ ಹಾಗೆ ವಿಚಾರಣೆಯವರು ನೋಡಿದರು. ಅಫನಾಸಿಯನ್ನು ಕರೆದರು. ಅವನು ಟೋಪಿ ಹಿಂಡುತ್ತಾ, "ಒಲೆ ಉರೀತಿತ್ತು... ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದ.

ನೀರಿಗೆ ಹಾರಿದವನೇ ಇವನು. ಒಂದು ಮಾತಿಗೆ ಹೆದರಿದ.

ತೀರ್ಪು — ಗವ್ರೀಲನದೇ ತಪ್ಪು.

ಫೆಬ್ರವರಿ 27

ಮತ್ತೆ ಒಲೆ, ಚಹಾ. ಎಲ್ಲರಿಗೂ ಹಾಕುತ್ತೇನೆ. ಅಫನಾಸಿಗೆ ಹಾಕುವುದಿಲ್ಲ. ಅವನೂ ಕೇಳುವುದಿಲ್ಲ. ತಾನೇ ಬಗ್ಗಿಸಿಕೊಂಡು ಬಾಗಿಲ ಬಳಿ ನಿಂತು ಕುಡಿದು ಹೋಗುತ್ತಾನೆ. ಅತ್ತಿಗೆ ಎನ್ನುವುದನ್ನೂ ಬಿಟ್ಟಿದ್ದಾನೆ.

ಮಾರ್ಚ್ 11

ಎರಡು ದಿನದಿಂದ ಹಿಮ. ಬೆಳಿಗ್ಗೆ ಗುಡಿಸಲಿನ ತುಂಬ ಜನ. ವದೀಮ್ ಲ್ವೋವಿಚ್ ಬಂದು ಇಳೀರಿ ಎಂದ.

ಅಫನಾಸಿ ಲೋಟ ಕೆಳಗಿಟ್ಟ. "ಯಾವಾಗ ಗುಡಿಸಿದ್ದು?"

"ಮೊನ್ನೆ."

"ಗವ್ರೀಲಣ್ಣನಿಗೂ ಹೀಗೇ ಹೇಳಿದ್ರಿ. ಶನಿವಾರವೇ ಅಂದ್ರಿ. ಅಣ್ಣ ಎರಡು ಸಲ ಕೇಳ್ದ. ನಾನು ಪಕ್ಕದಲ್ಲೇ ಕೂತಿದ್ದೆ."

"ಕೇಳಿಸ್ಲಿಲ್ಲ ಅಂದಿದ್ದೆಯಲ್ಲ ಅವತ್ತು?"

"ಸುಳ್ಳು ಹೇಳಿದ್ದೆ. ಕೇಳಿಸಿತ್ತು."

ಯಾರೂ ಎದ್ದು ಹೊರಡಲಿಲ್ಲ. ಕೆಲಸಕ್ಕೆ ಇವತ್ತೇ ನಿನ್ನ ಕೊನೇ ದಿನ ಎಂದ ವದೀಮ್ ಲ್ವೋವಿಚ್. ಸರಿ ಎಂದ ಅಫನಾಸಿ. ತೀರ್ಪು ಬದಲಾಗುತ್ತದೋ ಇಲ್ಲವೋ, ಗೊತ್ತಿಲ್ಲ. ಆದರೆ ಬಂದರಿನ ಗಂಡಸರಿಗೆಲ್ಲ ಇವತ್ತು ಗೊತ್ತಾಯಿತು, ಗವ್ರೀಲ್ ಕೇಳಿಯೇ ಇಳಿದವನು.

ಅಫನಾಸಿಯ ಲೋಟ ತೆಗೆದು ಚಹಾ ತುಂಬಿದೆ. ಅವನ ಕೈಗೆ ಕೊಟ್ಟೆ.

"ಅತ್ತಿಗೆ..." ಎಂದ.

ಮಾರ್ಚ್ 12

ಸಮಾಧಿಗೆ ಹೋಗಿದ್ದೆ. ಅಫನಾಸಿ ಆಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಜೋರಾಗಿಯೇ ಹೇಳಿದೆ. ಹತ್ತಿರ ಯಾರೂ ಇರಲಿಲ್ಲ.

ಮೇಲೆ ಮೊಣಕಾಲುದ್ದ ಹಿಮ ಕೂತಿತ್ತು. ಗುಡಿಸೋಣವೆಂದು ಗುಡಿಸಲಿನ ಪೊರಕೆ ತಂದಿದ್ದೆ. ಒಂದು ಸಲ ಎಳೆದೆ. ಆಮೇಲೆ ಕೈ ಬರಲಿಲ್ಲ. ಹಿಮ ಕಂಬಳಿ ಅಂತ ಅವನೇ ಹೇಳುತ್ತಿದ್ದನಲ್ಲ. ಎಳೆದಷ್ಟನ್ನೂ ಮತ್ತೆ ಮೇಲೆ ತಳ್ಳಿ, ಅಂಗೈಯಿಂದ ಸಮ ಮಾಡಿದೆ. ಇರಲಿ. ಅವನು ಚಳಿಯಲ್ಲಿ ಇದ್ದದ್ದು ಸಾಕು.